ಬಿಗಿಯುವ ಬಗೆ

ಮ್ಯಾಸಿ ಫರ್ಗುಸನ್ 35 ಟ್ರ್ಯಾಕ್ಟರಿಗೆ ಪರ್ಕಿನ್ಸ್ ಕಂಪನಿಯ ಮೂರು ಸಿಲಿಂಡರುಗಳ ಡೀಸೆಲ್ ಎಂಜಿನ್ ಬಂದುದು 1959ರಲ್ಲಿ. ಕಿಡಿಯ ನೆರವಿಲ್ಲದೆ, ಅದುಮಿದ ಗಾಳಿಯ ಕಾವಿನಿಂದಲೇ ಡೀಸೆಲ್ ಹೊತ್ತಿಕೊಳ್ಳುವ ಈ ಯಂತ್ರಕ್ಕೆ ಸಿಲಿಂಡರ್ ಹೆಡ್ಡಿನ ಬಿಗಿಯೇ ಪ್ರಾಣ.

ಬಿತ್ತನೆ ಕಾದು ನಿಂತಿದ್ದಾಗ, ನಮ್ಮೂರಿನಲ್ಲಿ ಅಂಥದೊಂದು ಹಳೆಯ ಟ್ರ್ಯಾಕ್ಟರಿನ ಹೆಡ್ಡನ್ನು ಮರಳಿ ಕೂರಿಸುವುದನ್ನು ನೋಡಿದೆನು. ಮೇಸ್ತ್ರಿಯವರು ಎರಡು ಮೈಗಳನ್ನೂ ಶುಚಿಗೊಳಿಸಿ, ಉಕ್ಕಿನ ಪಟ್ಟಿಯಿಟ್ಟು ಮಟ್ಟ ಪರೀಕ್ಷಿಸಿ, ಹೊಸ ಗ್ಯಾಸ್ಕೆಟ್ ಹಾಸಿದರು. ನಟ್ಟುಗಳನ್ನು ನಡುವಿನಿಂದ ಅಂಚಿನತ್ತ, ಸುತ್ತುಸುತ್ತಾಗಿ, ಟಾರ್ಕ್ ರೆಂಚಿನಿಂದ ಬಿಗಿದರು. ಒಂದೇ ಕಡೆ ಬಿಗಿದರೆ ಗ್ಯಾಸ್ಕೆಟ್ ಸರಿಯಾಗಿ ಕೂರದೆ ಗಾಳಿ ಸೋರುವುದು. ನೀರು ಎಣ್ಣೆಗೆ ಬೆರೆಯುವುದು. ಎಂಜಿನ್ ಕಾದ ಬಳಿಕ ಮತ್ತೊಮ್ಮೆ ಬಿಗಿದು, ವಾಲ್ವುಗಳ ಸಂದನ್ನು ಹೊಂದಿಸಿದ ಮೇಲೆಯೇ ಅವರು ಕೈ ತೊಳೆದುದು.

ಶೈಥಿಲ್ಯವಿಲ್ಲದ ಕಾವ್ಯಬಂಧಕ್ಕೆ ನಿದರ್ಶನ ಕೇಳುವ ವಿದ್ಯಾರ್ಥಿಗಳಿಗೆ ಇನ್ನು ಈ ಕೆಲಸವನ್ನೂ ಹೇಳುವೆನು.