‘8 ಜಿಬಿ ರ‍್ಯಾಮ್ ಕೊಡಿ’ ಅಂದ್ರೆ ಸಾಲದು

ಗುಂಡ್ಲುಪೇಟೆ ಕಡೆ ಬೋರ್‌ವೆಲ್ ಮೋಟಾರ್ ತರೋಕೆ ಹೋದವರನ್ನು ಅಂಗಡಿಯವರು ಸುಮ್ಮನೆ ಬಿಡೋದಿಲ್ಲ. ಎಷ್ಟು ಎಚ್‌ಪಿ, ಎಷ್ಟು ಸ್ಟೇಜು, ಸಿಂಗಲ್ ಫೇಸೋ ತ್ರೀ ಫೇಸೋ, ಬೋರ್ ಎಷ್ಟು ಅಡಿ ಅಂತ ಕೇಳಿಯೇ ಮಾಲು ತೆಗೆಯೋದು. ಕೊಳ್ಳೋ ರೈತರೂ ಅಷ್ಟೇ, ಉತ್ತರ ಇಟ್ಟುಕೊಂಡೇ ಹೋಗಿರುತ್ತಾರೆ. ಅದೇ ಮನೆಯ ಮಗನೋ ಮಗಳೋ ಕಂಪ್ಯೂಟರ್ ಅಂಗಡಿಗೆ ಹೋಗಿ ‘ಅಣ್ಣ, 8 ಜಿಬಿ ರ‍್ಯಾಮ್ ಕೊಡಿ’ ಅಂದ್ರೆ ಅಬ್ಬಬ್ಬಾ ಅಂದ್ರೆ ಒಂದು ಪ್ರಶ್ನೆ ಬರುತ್ತೆ: ‘ಡಿಡಿಆರ್ ಮೂರಾ, ನಾಲ್ಕಾ?’ ಅದಕ್ಕೂ ಉತ್ತರ ಗೊತ್ತಿಲ್ಲದಿದ್ರೆ ಕೈಗೆ ಸಿಕ್ಕಿದ್ದು ಬರುತ್ತೆ, ಮನೆಗೆ ಹೋದ ಮೇಲೆ ಸ್ಲಾಟಿನಲ್ಲಿ ಕೂರೋದಿಲ್ಲ.

ನಮ್ಮ ಕಡೆ ಇದು ಸಣ್ಣ ವಿಷಯ ಅಲ್ಲ. ಚಾಮರಾಜನಗರದಲ್ಲೂ ಗುಂಡ್ಲುಪೇಟೆಯಲ್ಲೂ ಕಂಪ್ಯೂಟರ್ ಅಂಗಡಿಗಳಿವೆ. ಆದರೆ ಹಳೆ ಮಾದರಿಯ ರ‍್ಯಾಮ್ ಸ್ಟಾಕಿನಲ್ಲಿ ಇಟ್ಟುಕೊಳ್ಳೋದು ಅವರಿಗೂ ನಷ್ಟದ ಬಾಬ್ತು. ಹಾಗಾಗಿ ಸುಮಾರು 60 ಕಿಲೋಮೀಟರ್ ದೂರದ ಮೈಸೂರಿಗೆ ಹೋಗಬೇಕು, ಇಲ್ಲಾ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಯಾರ ಕೈಲಾದ್ರೂ ತರಿಸಬೇಕು, ಅದೂ ಇಲ್ಲಾಂದ್ರೆ ಆನ್‌ಲೈನ್. ತಪ್ಪು ಸ್ಟಿಕ್ ಬಂತು ಅಂದ್ರೆ ಮತ್ತೆ ಬಸ್ ಚಾರ್ಜು, ಮತ್ತೊಂದು ದಿನದ ಕ್ಲಾಸು, ‘ಸೀಲ್ ಒಡೆದಿದೆ, ವಾಪಸ್ ಆಗಲ್ಲ’ ಅನ್ನೋ ಮಾತು. ಅಪ್ಪ ಅಮ್ಮನ ಹತ್ರ ಎರಡನೇ ಸಲ ದುಡ್ಡು ಕೇಳೋ ಕಷ್ಟ ಬೇರೆ. ಹಾಗಾಗಿ ಬಸ್ ಹತ್ತೋಕೆ ಮುಂಚೆ ಏನೇನು ತಿಳಿದಿರಬೇಕು ಅನ್ನೋದನ್ನ ಇಲ್ಲಿ ಬರೆಯುತ್ತಿದ್ದೇವೆ.

ಮೊದಲು, ರ‍್ಯಾಮ್ ನಿಜಕ್ಕೂ ಬೇಕಾ?

ಕಂಪ್ಯೂಟರ್ ನಿಧಾನ ಅಂದ ತಕ್ಷಣ ರ‍್ಯಾಮ್ ಮೇಲೆ ಗೂಬೆ ಕೂರಿಸೋದು ರೂಢಿ. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು, ನೀವು ದಿನಾ ಮಾಡೋ ಕೆಲಸ ಮಾಡುತ್ತಲೇ ಪರ್ಫಾರ್ಮೆನ್ಸ್ ಪುಟ ನೋಡಿ. ಮೆಮೊರಿ ಶೇ 90ರ ಆಸುಪಾಸಿನಲ್ಲೇ ನಿಂತಿದ್ರೆ ರ‍್ಯಾಮ್ ಬೇಕು. ಮೆಮೊರಿ ಅರ್ಧ ಖಾಲಿ ಇದ್ದು ಡಿಸ್ಕ್ ಮಾತ್ರ ಶೇ 100 ತೋರಿಸ್ತಿದ್ರೆ ನಿಮ್ಮ ಕಾಯಿಲೆ ಹಳೆ ಹಾರ್ಡ್‌ಡಿಸ್ಕಿನದು. ಅದಕ್ಕೆ ಮದ್ದು ಎಸ್‌ಎಸ್‌ಡಿ.

ಇನ್ನೊಂದು ವಿಷಯ. ನಿಮ್ಮ ವಿಂಡೋಸ್ 32 ಬಿಟ್‌ದಾಗಿದ್ರೆ ಎಷ್ಟು ಹಾಕಿದ್ರೂ 4 ಜಿಬಿ ಮೇಲೆ ಅದು ಬಳಸೋದಿಲ್ಲ. ಮೊದಲು 64 ಬಿಟ್ ಹಾಕಿಕೊಳ್ಳಬೇಕು.

ತಲೆಮಾರು: ಇಲ್ಲಿ ರಾಜಿ ಇಲ್ಲ

ಡಿಡಿಆರ್3, ಡಿಡಿಆರ್4, ಡಿಡಿಆರ್5 ಅನ್ನೋದು ಒಂದೇ ವಸ್ತುವಿನ ಹಳೆ ಹೊಸ ಮಾದರಿ ಅಂತ ತಿಳಿದರೆ ಕೆಟ್ಟಿರಿ. ಒಂದರ ಜಾಗದಲ್ಲಿ ಇನ್ನೊಂದು ಕೆಲಸ ಮಾಡೋದೇ ಇಲ್ಲ. ಡೆಸ್ಕ್‌ಟಾಪಿನ ಡಿಡಿಆರ್3 ಸ್ಟಿಕ್‌ಗೆ 240 ಪಿನ್ನು, 1.5 ವೋಲ್ಟ್. ಡಿಡಿಆರ್4ಗೆ 288 ಪಿನ್ನು, 1.2 ವೋಲ್ಟ್. ಡಿಡಿಆರ್5ಗೂ 288 ಪಿನ್ನೇ, ಆದರೆ 1.1 ವೋಲ್ಟ್. ಪಿನ್ ಸಂಖ್ಯೆ ಒಂದೇ ಆದ್ರೂ ಕೂರಲ್ಲ, ಯಾಕೆಂದ್ರೆ ಸ್ಟಿಕ್ಕಿನ ಅಂಚಿನಲ್ಲಿರೋ ಕಚ್ಚಿನ ಜಾಗ ಪ್ರತಿ ತಲೆಮಾರಿಗೂ ಬೇರೆ. ಆ ಕಚ್ಚು ಇರೋದೇ ತಪ್ಪು ಸ್ಟಿಕ್ ಒಳಗೆ ಹೋಗದಿರಲಿ ಅಂತ. ಹೋಗ್ತಿಲ್ಲ ಅಂತ ಜೋರಾಗಿ ಒತ್ತಿದ್ರೆ ಮದರ್‌ಬೋರ್ಡ್‌ನ ಸ್ಲಾಟೇ ಹೋಗುತ್ತೆ.

ಲ್ಯಾಪ್‌ಟಾಪಿನ ರ‍್ಯಾಮ್ ಗಾತ್ರವೇ ಬೇರೆ, ಹೆಚ್ಚುಕಮ್ಮಿ ಅರ್ಧ ಉದ್ದ. ಅದರ ಹೆಸರು ಸೋಡಿಮ್. ಪಿನ್ ಲೆಕ್ಕ ಡಿಡಿಆರ್3ಕ್ಕೆ 204, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಕೆಲವು ಪುಟ್ಟ ಡೆಸ್ಕ್‌ಟಾಪ್ ಡಬ್ಬಿಗಳಲ್ಲೂ ಸೋಡಿಮ್ಮೇ ಇರುತ್ತೆ, ಹಾಗಾಗಿ ‘ಡೆಸ್ಕ್‌ಟಾಪ್‌ಗೆ’ ಅಂದ ಮಾತ್ರಕ್ಕೆ ಉದ್ದದ್ದೇ ಬೇಕು ಅಂತಲ್ಲ. ತೆಳು ಲ್ಯಾಪ್‌ಟಾಪ್ ಅನೇಕದರಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರ್ತಾರೆ. ಅಲ್ಲಿ ಸ್ಲಾಟೇ ಇಲ್ಲ, ಆಸೆ ಬಿಡಿ.

ಡಿಡಿಆರ್3ರಲ್ಲಿ ಒಂದು ಉಪಕತೆ ಇದೆ, ಡಿಡಿಆರ್3ಎಲ್. ಇದು 1.35 ವೋಲ್ಟಿನದು. ಇಂಟೆಲ್ ನಾಲ್ಕನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಗೆ ಈ ‘ಎಲ್’ ಇರೋದೇ ಬೇಕು. 1.5 ವೋಲ್ಟಿನ ಸ್ಟಿಕ್ ಹಾಕಿದ್ರೆ ಪರದೆ ಕಪ್ಪಗೇ ಇರುತ್ತೆ. ಆದರೆ 1.35 ವೋಲ್ಟಿನ ಸ್ಟಿಕ್ ಸಾಮಾನ್ಯವಾಗಿ 1.5ರಲ್ಲೂ ನಡೆಯುತ್ತೆ. ಹಾಗಾಗಿ ಡಿಡಿಆರ್3 ಕೊಳ್ಳುವಾಗ ಅನುಮಾನ ಇದ್ರೆ ‘ಎಲ್’ ಇರೋದನ್ನೇ ಕೇಳಿ.

ಉತ್ತರ ಹಳೆ ಸ್ಟಿಕ್ ಮೇಲೇ ಇದೆ

ಕಂಪ್ಯೂಟರ್ ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ಬಾಗಿಲು ತೆಗೆದು, ಈಗಿರೋ ಸ್ಟಿಕ್ಕಿನ ಸ್ಟಿಕ್ಕರ್ ಓದಿ. ಉದಾಹರಣೆಗೆ ‘8ಜಿಬಿ 1ಆರ್‌ಎಕ್ಸ್8 ಪಿಸಿ4-2666ವಿ-ಯು’ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತೆ ಅಂತಿಟ್ಟುಕೊಳ್ಳಿ. ಇದನ್ನು ಬಿಡಿಸೋಣ.

‘ಪಿಸಿ4’ ಅಂದ್ರೆ ಡಿಡಿಆರ್4. ‘ಪಿಸಿ3ಎಲ್’ ಅಂತಿದ್ರೆ ಡಿಡಿಆರ್3ಎಲ್.

‘2666’ ಅನ್ನೋದು ವೇಗ. ಇದನ್ನು ಮೆಗಾಹರ್ಟ್ಜ್ ಅಂತ ಎಲ್ಲರೂ ಹೇಳಿದ್ರೂ ನಿಜವಾಗಿ ಇದು ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಡೇಟಾ ಸಾಗುತ್ತೆ ಅನ್ನೋ ಲೆಕ್ಕ. ಗಡಿಯಾರ ಅದರ ಅರ್ಧ, 1333 ಮೆಗಾಹರ್ಟ್ಜ್. ಒಂದು ಟಿಕ್ಕಿಗೆ ಎರಡು ಸಲ ಸಾಗೋದ್ರಿಂದಲೇ ‘ಡಬಲ್ ಡೇಟಾ ರೇಟ್’ ಅನ್ನೋ ಹೆಸರು. ಡಿಡಿಆರ್3 ಸ್ಟಿಕ್ಕರ್‌ನಲ್ಲಿ ‘ಪಿಸಿ3-12800’ ಅಂತ ದೊಡ್ಡ ಸಂಖ್ಯೆ ಕಂಡ್ರೆ ಗಾಬರಿ ಬೇಡ. 8ರಿಂದ ಭಾಗಿಸಿ, 1600 ಬರುತ್ತೆ. ಸಲಕ್ಕೆ 8 ಬೈಟ್ ಸಾಗುತ್ತೆ, ಅದಕ್ಕೆ 8.

ಕೊನೆಯ ‘ಯು’ ಅಕ್ಷರ ಚಿಕ್ಕದಾದ್ರೂ ಬಹಳ ಮುಖ್ಯ. ಯು ಅಂದ್ರೆ ಸಾಮಾನ್ಯ ಡೆಸ್ಕ್‌ಟಾಪ್‌ದು. ಎಸ್ ಅಂದ್ರೆ ಸೋಡಿಮ್. ಆರ್ ಅಂದ್ರೆ ಸರ್ವರ್‌ಗೆ ಮಾಡಿದ ರಿಜಿಸ್ಟರ್ಡ್ ರ‍್ಯಾಮ್, ಅದು ಮನೆ ಕಂಪ್ಯೂಟರಿನಲ್ಲಿ ನಡೆಯೋದಿಲ್ಲ.

‘1ಆರ್‌ಎಕ್ಸ್8’ ಅಂದ್ರೆ 8 ಬಿಟ್ ಅಗಲದ ಚಿಪ್ಪುಗಳ ಒಂದು ಸಾಲು, ಅಂದ್ರೆ ಒಂದು ರ‍್ಯಾಂಕ್. ಪ್ರೊಸೆಸರ್ ಜೊತೆ ಮಾತಾಡೋ ದಾರಿ 64 ಬಿಟ್ ಅಗಲ. 8 ಬಿಟ್ಟಿನ 8 ಚಿಪ್ಪು ಸೇರಿದ್ರೆ 64. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

ಅಗ್ಗದ ಸ್ಟಿಕ್ ಯಾಕೆ ಅಗ್ಗ?

ಆನ್‌ಲೈನ್‌ನಲ್ಲಿ ಹಳೆ ಕಂಪ್ಯೂಟರಿನ ರ‍್ಯಾಮ್ ಹುಡುಕಿದ್ರೆ ಎರಡು ಬಗೆಯ ಅಗ್ಗದ ಮಾಲು ಕಣ್ಣಿಗೆ ಬೀಳುತ್ತೆ.

ಒಂದು, ಹಳೆ ಸರ್ವರ್‌ಗಳಿಂದ ಬಿಚ್ಚಿದ ರಿಜಿಸ್ಟರ್ಡ್ ರ‍್ಯಾಮ್. ಡಿಡಿಆರ್3, ಡಿಡಿಆರ್4 ಕಾಲದ ಇಂಥ ಸ್ಟಿಕ್ಕುಗಳು ನಮ್ಮ ಸ್ಲಾಟಿನಲ್ಲಿ ಸಲೀಸಾಗಿ ಕೂರುತ್ತವೆ, ಕಚ್ಚೂ ಹೊಂದುತ್ತೆ, ಆದರೆ ಕಂಪ್ಯೂಟರ್ ಏಳೋದೇ ಇಲ್ಲ. ಅನೇಕರು ಬೋರ್ಡೇ ಸುಟ್ಟಿತು ಅಂತ ಹೆದರೋದು ಇಲ್ಲೇ.

ಇನ್ನೊಂದು, ‘ಎಎಂಡಿಗೆ ಮಾತ್ರ’ ಅಂತ ಸಣ್ಣಕ್ಷರದಲ್ಲಿ ಬರೆದಿರೋ ಡಿಡಿಆರ್3. ರ‍್ಯಾಮ್‌ಗೂ ಪ್ರೊಸೆಸರ್ ಕಂಪನಿಗೂ ಏನು ಸಂಬಂಧ ಅನ್ನಿಸಬಹುದು. ಸಂಬಂಧ ಇರೋದು ಚಿಪ್ಪಿನ ಅಗಲದಲ್ಲಿ. ಈ ಸ್ಟಿಕ್ಕುಗಳಲ್ಲಿ 8 ಬಿಟ್ಟಿನ ಬದಲು 4 ಬಿಟ್ಟಿನ ಚಿಪ್ಪು ಬಳಸಿರ್ತಾರೆ. 64 ಬಿಟ್ ತುಂಬಿಸೋಕೆ 16 ಚಿಪ್ಪು ಬೇಕಾಗುತ್ತೆ. ಆಗಿನ ಕೆಲವು ಎಎಂಡಿ ಪ್ರೊಸೆಸರ್‌ಗಳ ಮೆಮೊರಿ ಕಂಟ್ರೋಲರ್ ಇದನ್ನು ಒಪ್ಪುತ್ತೆ, ಇಂಟೆಲ್‌ನ ಮನೆಬಳಕೆ ಪ್ರೊಸೆಸರ್‌ಗಳದು ಒಪ್ಪಲ್ಲ. ಬೆಲೆ ನೋಡಿ ಖುಷಿಪಡೋಕೆ ಮುಂಚೆ ವಿವರಣೆಯನ್ನು ಕೊನೆ ಸಾಲಿನ ತನಕ ಓದಿ.

ಬೋರ್ಡ್ ಎಷ್ಟು ತಡೆದುಕೊಳ್ಳುತ್ತೆ?

ಪ್ರತಿ ಮದರ್‌ಬೋರ್ಡಿಗೂ ಒಂದು ಮಿತಿ ಇದೆ. ನಮ್ಮ ಮನೆಗಳಲ್ಲಿ ಇನ್ನೂ ಓಡ್ತಿರೋ ಎಚ್61, ಎಚ್81 ಚಿಪ್‌ಸೆಟ್ಟಿನ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಎರಡೇ ಸ್ಲಾಟು, ಹೆಚ್ಚೆಂದರೆ 16 ಜಿಬಿ. ಅಂದ್ರೆ 8ರ ಎರಡು. ‘ಹಾಗಾದ್ರೆ 16ರ ಒಂದೇ ಸ್ಟಿಕ್ ಹಾಕಿ ಇನ್ನೊಂದು ಸ್ಲಾಟ್ ಖಾಲಿ ಬಿಡೋಣ’ ಅಂದ್ರೆ ಆಗಲ್ಲ. 16 ಜಿಬಿಯ ಡಿಡಿಆರ್3 ಸ್ಟಿಕ್ಕಿಗೆ ಬೇಕಾದ 8 ಗಿಗಾಬಿಟ್‌ನ ಚಿಪ್ಪನ್ನು ಆ ಕಾಲದ ಇಂಟೆಲ್ ಕಂಟ್ರೋಲರ್‌ಗಳು ಗುರುತಿಸೋದಿಲ್ಲ. ಮೊತ್ತ ಸರಿ ಇದ್ರೂ ಹಂಚಿಕೆ ತಪ್ಪಾದ್ರೆ ಕೆಲಸ ಕೆಟ್ಟಂತೆ.

ಮಿತಿ ತಿಳಿಯೋದು ಕಷ್ಟ ಅಲ್ಲ. ಸಿಪಿಯು-ಝಡ್ ಅನ್ನೋ ಉಚಿತ ತಂತ್ರಾಂಶದಲ್ಲಿ ಬೋರ್ಡಿನ ಮಾದರಿಯೂ, ಪ್ರತಿ ಸ್ಲಾಟಿನಲ್ಲಿ ಏನಿದೆ ಅನ್ನೋದೂ ಕಾಣುತ್ತೆ. ಆ ಮಾದರಿ ಹೆಸರು ಹಿಡಿದು ಬೋರ್ಡ್ ಕಂಪನಿಯ ಜಾಲತಾಣದಲ್ಲಿ ಮ್ಯಾನ್ಯುಯಲ್ ಇಳಿಸಿಕೊಳ್ಳಿ. ಯಾವ ಸ್ಟಿಕ್ ಪರೀಕ್ಷೆ ಮಾಡಿ ನೋಡಿದ್ದೇವೆ ಅನ್ನೋ ಪಟ್ಟಿಯನ್ನೂ ಬಹಳಷ್ಟು ಕಂಪನಿಗಳು ಅಲ್ಲೇ ಕೊಟ್ಟಿರುತ್ತವೆ. ಪಟ್ಟಿಯಲ್ಲಿ ಇಲ್ಲದ್ದು ನಡೆಯೋದೇ ಇಲ್ಲ ಅಂತಲ್ಲ, ಇರೋದು ನಡೆಯುತ್ತೆ ಅನ್ನೋ ಧೈರ್ಯ ಅಷ್ಟೇ.

ವೇಗಕ್ಕೆ ಜಾಸ್ತಿ ದುಡ್ಡು ಕೊಡಬೇಕಾ?

ಎರಡು ಬೇರೆ ವೇಗದ ಸ್ಟಿಕ್ ಹಾಕಿದ್ರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. 2400ರ ಹಳೇದಕ್ಕೆ 3200ರ ಹೊಸದು ಜೋಡಿಸಿದ್ರೆ ಸಿಗೋದು 2400. ಬೋರ್ಡು, ಪ್ರೊಸೆಸರ್ ಎರಡರ ಮಿತಿಯೂ ಸೇರಿಕೊಳ್ಳುತ್ತೆ. ಹತ್ತನೇ ತಲೆಮಾರಿನ ಐ5 ಪ್ರೊಸೆಸರನ್ನು ಎಚ್410 ಬೋರ್ಡಿನಲ್ಲಿ ಕೂರಿಸಿದ್ರೆ 2666ಕ್ಕಿಂತ ಮೇಲೆ ಹೋಗಲ್ಲ. ವೇಗದ ಸ್ಟಿಕ್ ಹಾಕಿದ್ರೆ ಹಾಳೇನೂ ಆಗಲ್ಲ, ಕೊಟ್ಟ ಹೆಚ್ಚಿನ ದುಡ್ಡು ಮಾತ್ರ ಸುಮ್ಮನೆ ಕೂತಿರುತ್ತೆ.

ಇದಕ್ಕಿಂತ ಲಾಭ ಇರೋದು ಜೋಡಿಯಲ್ಲಿ. 16ರ ಒಂದರ ಬದಲು 8ರ ಎರಡು ಹಾಕಿದ್ರೆ ಡ್ಯುಯಲ್ ಚಾನೆಲ್ ಆಗಿ ದಾರಿ ಎರಡು ಪಟ್ಟು ಅಗಲವಾಗುತ್ತೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಕಂಪ್ಯೂಟರಿನಲ್ಲಿ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ, ಯಾಕೆಂದ್ರೆ ಅಲ್ಲಿ ಪರದೆಯ ಕೆಲಸಕ್ಕೂ ಇದೇ ರ‍್ಯಾಮ್.

ಈಗ ಕೊಳ್ಳೋದಾ, ಕಾಯೋದಾ?

2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಏಕಾಏಕಿ ಏರಿತು. ಡಿಡಿಆರ್5ರ ಅನೇಕ ಸ್ಟಿಕ್ಕುಗಳ ಬೆಲೆ ಎರಡು ಪಟ್ಟು ದಾಟಿತು. ಕಾರಣ ನಮ್ಮ ಅಂಗಡಿಯವರ ಲಾಭಕೋರತನ ಅಲ್ಲ. ಜಗತ್ತಿನ ಬಹುಪಾಲು ಮೆಮೊರಿ ಚಿಪ್ಪು ಮಾಡೋದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಅನ್ನೋ ಮೂರೇ ಕಂಪನಿ. ಎಐ ಡೇಟಾ ಸೆಂಟರ್‌ಗಳ ಬೇಡಿಕೆ ಅವರ ಕಾರ್ಖಾನೆಗಳನ್ನು ಆ ಕಡೆ ಎಳೆದುಕೊಂಡಿತು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ತನ್ನ ಕ್ರೂಶಿಯಲ್ ಹೆಸರಿನ ಚಿಲ್ಲರೆ ವ್ಯಾಪಾರವನ್ನೇ ಮುಚ್ಚೋದಾಗಿ ಘೋಷಿಸಿತು. ನಮಗೆ ಅರ್ಥವಾಗಬೇಕಾದ್ದು ಇಷ್ಟೇ: ಸ್ಟಿಕ್ ದುಬಾರಿಯಾದಷ್ಟೂ ತಪ್ಪು ಸ್ಟಿಕ್ ತರೋದೂ ದುಬಾರಿ.

ಕಂಪ್ಯೂಟರ್ ತೀರಾ ಹಳೇದಾಗಿದ್ರೆ ಇನ್ನೊಂದು ಲೆಕ್ಕ ಹಾಕಿ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಸುಮಾರಾಗಿ ಇಂಟೆಲ್ ಎಂಟನೇ ತಲೆಮಾರಿನಿಂದ ಈಚಿನವಕ್ಕೆ ಮಾತ್ರ. ಅಂದ್ರೆ ಡಿಡಿಆರ್3 ಯಂತ್ರಕ್ಕೆ ದುಡ್ಡು ಹಾಕೋರು ಅದರ ಮೇಲೆ ಲಿನಕ್ಸ್ ಓಡಿಸೋ ಮನಸ್ಸೂ ಮಾಡಬೇಕು. ಮಾಡಿದ್ರೆ ಹಳೆ ಯಂತ್ರ ಇನ್ನೂ ಕೆಲವು ವರ್ಷ ಕೋಡಿಂಗಿಗೆ ಚೆನ್ನಾಗೇ ದುಡಿಯುತ್ತೆ.

ಅಂಗಡಿಯಲ್ಲಿ, ಆಮೇಲೆ ಮನೆಯಲ್ಲಿ

ಹಳೆ ಸ್ಟಿಕ್ಕರ್‌ನ ಫೋಟೋ, ಬೋರ್ಡ್ ಮಾದರಿಯ ಫೋಟೋ ಫೋನಿನಲ್ಲಿರಲಿ. ಹೊರಡೋ ಮುಂಚೆ ಅಂಗಡಿಗೆ ಅದನ್ನೇ ವಾಟ್ಸಾಪ್ ಮಾಡಿ, ‘ಅಣ್ಣ, ಇದಕ್ಕೆ ಹೊಂದೋದು ಇದ್ರೆ ಮಾತ್ರ ಹೇಳಿ, ನಾಳೆ ಬರ್ತೀವಿ’ ಅನ್ನಿ. ಆಗುತ್ತೆ ಅಂದ್ರೆ ಹಳೆ ಸ್ಟಿಕ್ಕನ್ನೇ, ಇಲ್ಲಾ ಸಿಪಿಯು ಡಬ್ಬವನ್ನೇ ಒಯ್ದು ಅಲ್ಲೇ ಹಾಕಿಸಿ, ಆನ್ ಮಾಡಿಸಿ ನೋಡಿ. ಹೊಂದದಿದ್ರೆ ಎಷ್ಟು ದಿನದೊಳಗೆ ಬದಲಿಸಿ ಕೊಡ್ತಾರೆ ಅಂತ ದುಡ್ಡು ಕೊಡೋ ಮುಂಚೆಯೇ ಕೇಳಿ, ಅದನ್ನು ಬಿಲ್ ಮೇಲೆ ಬರೆಸಿಕೊಳ್ಳಿ. ಜಿಎಸ್‌ಟಿ ಬಿಲ್ ಬೇಡ ಅಂದ್ರೆ ಸ್ವಲ್ಪ ಕಮ್ಮಿ ಮಾಡ್ತೀವಿ ಅನ್ನೋ ಮಾತಿಗೆ ಮರುಳಾಗಬೇಡಿ. ನಾಳೆ ಸ್ಟಿಕ್ ಕೆಟ್ಟರೆ ವಾರಂಟಿ ಕೇಳೋಕೆ ಆ ಕಾಗದವೇ ಆಧಾರ.

ಮನೆಗೆ ತಂದು ಹಾಕಿದ ಮೇಲೆ ಏಳದಿದ್ರೆ ತಕ್ಷಣ ಗಾಬರಿ ಬೇಡ. ಎರಡೂ ಕಡೆ ಕ್ಲಿಪ್ ಟಕ್ ಅಂದಿದೆಯಾ ನೋಡಿ. ಹೊಸದೊಂದನ್ನೇ ಹಾಕಿ ನೋಡಿ, ಸ್ಲಾಟ್ ಬದಲಿಸಿ ನೋಡಿ. ಹಳೆ ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿ ಒರೆಸಿ ಹಾಕಿ. ಡಿಡಿಆರ್5 ಆದ್ರೆ ಮೊದಲ ಸಲ ಏಳೋಕೆ ಕೆಲವು ನಿಮಿಷ ಹಿಡಿಯಬಹುದು, ಮಧ್ಯದಲ್ಲಿ ಸ್ವಿಚ್ ಆರಿಸಬೇಡಿ. ಎದ್ದ ಮೇಲೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ. ಒಂದೇ ಒಂದು ದೋಷ ಕಂಡರೂ ಬದಲಿಸೋ ಅವಧಿ ಮುಗಿಯೋದ್ರೊಳಗೆ ವಾಪಸ್ ಒಯ್ಯಿರಿ.

ಇಷ್ಟೆಲ್ಲ ನೆನಪಿಟ್ಟುಕೊಳ್ಳೋದು ಕಷ್ಟ ಅನ್ನೋರು ಅಂಗಡಿಯಲ್ಲಿ ಹೇಳಬೇಕಾದ ಒಂದು ವಾಕ್ಯವನ್ನಾದ್ರೂ ಬರೆದಿಟ್ಟುಕೊಳ್ಳಿ. ‘ಡೆಸ್ಕ್‌ಟಾಪಿಗೆ, ಡಿಡಿಆರ್4, 8 ಜಿಬಿಯ ಒಂದು, 2666, ಸರ್ವರ್‌ದಲ್ಲ, ಬೋರ್ಡಿನ ಫೋಟೋ ಇಲ್ಲಿದೆ.’ ನಿಮ್ಮ ಯಂತ್ರಕ್ಕೆ ತಕ್ಕ ಹಾಗೆ ಪದ, ಸಂಖ್ಯೆ ಬದಲಾಗುತ್ತೆ, ವಾಕ್ಯದ ಅಚ್ಚು ಬದಲಾಗಲ್ಲ. ಹೀಗೆ ಕೇಳಿದ ಗಿರಾಕಿಗೆ ಅಂಗಡಿಯವರೂ ಕೈಗೆ ಸಿಕ್ಕಿದ್ದನ್ನು ಕೊಟ್ಟು ಕಳಿಸೋದಿಲ್ಲ.