ಬೆರಳಿನ ಎಲುಬಿನಲ್ಲಿ ಗಡ್ಡೆ: ಭಯವೆಷ್ಟು, ಚಿಕಿತ್ಸೆ ಏನು?



ವೈದ್ಯರ ಬಾಯಿಂದ ‘ಗಡ್ಡೆ’ ಎಂಬ ಮಾತು ಬಂದ ಕೂಡಲೇ ನಮ್ಮ ಮನೆಗಳಲ್ಲಿ ಅದನ್ನು ಕ್ಯಾನ್ಸರ್ ಎಂದೇ ತಿಳಿಯುತ್ತಾರೆ. ಜುಮಾ ಮುಗಿದ ಮೇಲೆ ಎಕ್ಸ್‌ರೇ ಹಿಡಿದು ದುಆ ಕೇಳಲು ಬರುವವರ ಮುಖದಲ್ಲಿ ನಾವು ಈ ಭಯವನ್ನು ಕಂಡಿದ್ದೇವೆ. ದುಆ ಮಾಡೋಣ, ಜೊತೆಗೆ ಸಂಗತಿಯನ್ನೂ ತಿಳಿದುಕೊಳ್ಳೋಣ.

ಕೈಯ ಎಲುಬುಗಳಲ್ಲಿ ಹುಟ್ಟುವ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದು ಎನ್‌ಕಾಂಡ್ರೋಮಾ. ಇದು ಕ್ಯಾನ್ಸರ್ ಅಲ್ಲ. ಕಿವಿಯಲ್ಲಿ, ಮೂಗಿನ ತುದಿಯಲ್ಲಿ ಕೈಗೆ ಸಿಗುವಂಥ ಮೃದು ಎಲುಬು ಬೆರಳಿನ ಎಲುಬಿನ ಒಳಗೆ ಬೆಳೆದಿರುತ್ತದೆ. ಹೊರಗಿನ ಗಟ್ಟಿ ಪದರ ನಿಧಾನವಾಗಿ ತೆಳುವಾಗುತ್ತದೆ, ಗೆದ್ದಲು ತಿಂದ ಮರದಂತೆ. ನೋವು ಇರುವುದೇ ಕಡಿಮೆ. ಬಾಗಿಲಿಗೆ ಬೆರಳು ತಾಗಿಯೋ ಕ್ರಿಕೆಟ್ ಚೆಂಡು ಬಡಿದೋ ಎಲುಬು ಮುರಿದಾಗಲೇ ಎಷ್ಟೋ ಮಂದಿಗೆ ವಿಷಯ ಗೊತ್ತಾಗುವುದು.

ಎಲ್ಲರಿಗೂ ಆಪರೇಷನ್ ಬೇಡ. ಗಡ್ಡೆ ಚಿಕ್ಕದಾಗಿದ್ದು, ನೋವಿಲ್ಲದೆ, ಎಲುಬು ಗಟ್ಟಿಯಾಗಿದ್ದರೆ ಆಗಾಗ ಎಕ್ಸ್‌ರೇ ತೆಗೆದು ನೋಡುತ್ತಿದ್ದರೆ ಸಾಕು. ನೋವಿದ್ದರೆ, ಬೆರಳು ಊದಿದ್ದರೆ, ಮುರಿಯುವ ಸ್ಥಿತಿ ಇದ್ದರೆ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಸಾಮಾನ್ಯವಾಗಿ ಬೆರಳು ಕತ್ತರಿಸುವ ಮಾತೇ ಇಲ್ಲ! ಹೆಚ್ಚಾಗಿ ಕೈಯನ್ನಷ್ಟೇ ಮರಗಟ್ಟಿಸಿ, ಎಲುಬಿನಲ್ಲಿ ಚಿಕ್ಕ ಕಿಂಡಿ ತೆರೆದು, ಸಣ್ಣ ಚಮಚದಂಥ ಉಪಕರಣದಿಂದ ಒಳಗಿನದನ್ನು ಪೂರ್ತಿ ಕೆರೆದು ತೆಗೆಯುತ್ತಾರೆ. ಖಾಲಿಯಾದ ಜಾಗಕ್ಕೆ ಸೊಂಟದಿಂದಲೋ ಮಣಿಕಟ್ಟಿನಿಂದಲೋ ತೆಗೆದ ಎಲುಬಿನ ಚೂರು, ಇಲ್ಲವೇ ಕೃತಕ ಎಲುಬು ತುಂಬುತ್ತಾರೆ. ಏನೂ ತುಂಬದೆ ಬಿಡುವ ವೈದ್ಯರೂ ಇದ್ದಾರೆ, ಎಲುಬು ತಾನೇ ತುಂಬಿಕೊಳ್ಳುತ್ತದೆ. ಕೆರೆದು ತೆಗೆದದ್ದು ಲ್ಯಾಬ್‌ಗೆ ಹೋಗಲೇಬೇಕು. ಖರ್ಚು ಉಳಿಸಲು ಇದನ್ನು ಬಿಡಬೇಡಿ, ರಿಪೋರ್ಟನ್ನು ಜೋಪಾನವಾಗಿ ಇಡಿ.

ಬೆರಳು ಈಗಾಗಲೇ ಮುರಿದಿದ್ದರೆ ಅನೇಕ ವೈದ್ಯರು ಮೊದಲು ಅದು ಕೂಡಿಕೊಳ್ಳಲು ಬಿಟ್ಟು ಆಮೇಲೆ ಗಡ್ಡೆ ತೆಗೆಯುತ್ತಾರೆ. ನಾಟಿ ಕಟ್ಟು ಕಟ್ಟುವವರ ಬಗ್ಗೆ ನಮಗೆ ಅಗೌರವವಿಲ್ಲ. ಆದರೆ ಎಲುಬು ಒಳಗೆ ಟೊಳ್ಳಾಗಿದೆಯೇ ಎಂಬುದು ಮುಟ್ಟಿ ನೋಡಿದರೆ ತಿಳಿಯುವುದಿಲ್ಲ. ಎಣ್ಣೆ ಹಚ್ಚಿ ತಿಕ್ಕುವ ಮೊದಲು ಒಂದು ಎಕ್ಸ್‌ರೇ ತೆಗೆಸಿ.

ಒಂದೇ ಗಡ್ಡೆ ಕ್ಯಾನ್ಸರ್ ಆಗಿ ಬದಲಾಗುವುದು ಬಹಳ ಅಪರೂಪ. ಹಲವು ಎಲುಬುಗಳಲ್ಲಿ ಗಡ್ಡೆಗಳಿರುವ ಒಲ್ಲಿಯರ್ ಕಾಯಿಲೆಯಲ್ಲಿ ಈ ಅಪಾಯ ಹೆಚ್ಚು, ಅಂಥವರಿಗೆ ಜೀವನಪೂರ್ತಿ ತಪಾಸಣೆ ಬೇಕು. ಪೆಟ್ಟು ಬೀಳದೆಯೇ ನೋವು ಶುರುವಾದರೆ, ಗಡ್ಡೆ ಬೇಗ ಬೆಳೆದರೆ ತಡಮಾಡಬೇಡಿ.

ಆಪರೇಷನ್ ನಂತರ ಕಾಡುವುದು ಬೆರಳು ಬಿಗಿದುಕೊಳ್ಳುವ ತೊಂದರೆ. ಬೀಡಿ ಕಟ್ಟುವ, ಹೊಲಿಗೆ ಮಾಡುವ ನಮ್ಮ ತಾಯಂದಿರಿಗೆ ಬೆರಳೇ ಅನ್ನ. ವೈದ್ಯರು ಹೇಳಿದ ದಿನದಿಂದಲೇ, ನೋವಾದರೂ, ಬೆರಳು ಮಡಚುವ ವ್ಯಾಯಾಮ ಮಾಡಬೇಕು.

ವುಝೂಗಾಗಿ ಬ್ಯಾಂಡೇಜ್ ಬಿಚ್ಚಬೇಕಾಗಿಲ್ಲ. ಉಳಿದ ಭಾಗ ತೊಳೆದು ಕಟ್ಟಿನ ಮೇಲೆ ಒದ್ದೆ ಕೈಯಿಂದ ಸವರಿದರೆ ಆಯಿತು. ಶಾಫಿಈ ಮದ್‌ಹಬ್‌ನವರಿಗೆ ಜೊತೆಯಲ್ಲಿ ತಯಮ್ಮುಮ್ ಕೂಡ ಇದೆ, ವಿವರವನ್ನು ನಿಮ್ಮ ಮಸೀದಿಯ ಉಸ್ತಾದರಲ್ಲಿ ಕೇಳಿಕೊಳ್ಳಿ.