ನೈಟ್ ಶಿಫ್ಟ್ ಮತ್ತು ಬಿಸಿಲಿನ ವಿಟಮಿನ್

ಮಕ್ಕಳೇ, ಹೊಸೂರಿನ ಸಿಪ್ಕಾಟ್ ಕಾರ್ಖಾನೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇರಬಹುದು. ನೀವು ಶಾಲೆಗೆ ಹೊರಡೋ ಹೊತ್ತಿಗೆ ಅವರು ನೈಟ್ ಶಿಫ್ಟ್ ಮುಗಿಸಿ ಬಂದು, ಕಿಟಕಿಗೆ ಪರದೆ ಎಳೆದು ಮಲಗುತ್ತಾರೆ. "ಮೈಕೈ ನೋವು, ಸುಸ್ತು" ಅನ್ನೋದನ್ನೂ ನೀವು ಕೇಳಿರುತ್ತೀರಿ. ಇಂಥ ನೋವಿಗೆ ಕಾರಣ ಹಲವು. ಅದರಲ್ಲಿ ಒಂದು ಡಿ ವಿಟಮಿನ್ ಕೊರತೆ.

ಚರ್ಮದಲ್ಲೇ ತಯಾರಿ

ಬೇರೆ ವಿಟಮಿನ್‌ಗಳು ಬಹುಪಾಲು ಊಟದಿಂದ ಸಿಗುತ್ತವೆ. ಡಿ ವಿಟಮಿನ್ ಮಾತ್ರ ಹೆಚ್ಚಾಗಿ ನಮ್ಮ ಚರ್ಮದಲ್ಲೇ ತಯಾರಾಗುತ್ತದೆ. ಬಿಸಿಲಿನಲ್ಲಿರುವ ನೇರಳಾತೀತ 'ಬಿ' ಕಿರಣಗಳು ಚರ್ಮದಲ್ಲಿರುವ ಒಂದು ಬಗೆಯ ಕೊಲೆಸ್ಟೆರಾಲ್ ಅನ್ನು ಡಿ ವಿಟಮಿನ್ ಆಗಿ ಬದಲಾಯಿಸುತ್ತವೆ. ಆಮೇಲೆ ಯಕೃತ್ತು, ಮೂತ್ರಪಿಂಡಗಳು ಅದನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುತ್ತವೆ.

ಊಟದ ಕ್ಯಾಲ್ಸಿಯಂ ಅನ್ನು ಕರುಳು ಹೀರಿಕೊಳ್ಳಲು ಇದು ಬೇಕೇ ಬೇಕು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಡಿ ವಿಟಮಿನ್ ಕಡಿಮೆಯಾದರೆ ದಿನಾ ಮುದ್ದೆ ಉಂಡರೂ ಅದರಲ್ಲಿ ಸ್ವಲ್ಪವೇ ಮೈಗೆ ಹತ್ತುತ್ತದೆ. ಕೊರತೆ ತೀವ್ರವಾದರೆ ದೊಡ್ಡವರ ಮೂಳೆ ಮೆತ್ತಗಾಗುತ್ತದೆ. ಮಕ್ಕಳ ಕಾಲು ಬಾಗುತ್ತದೆ, ಅದೇ ರಿಕೆಟ್ಸ್.

ಎಳೆ ಬಿಸಿಲು ಸಾಲದೇ?

"ಶಿಫ್ಟ್ ಬಿಟ್ಟು ಬರುವಾಗ ಎಳೆ ಬಿಸಿಲು ಬೀಳುತ್ತಲ್ಲ?" ಅಂತ ಕೇಳ್ತೀರಾ? ಒಳ್ಳೆಯ ಪ್ರಶ್ನೆ. ಬೆಳಿಗ್ಗೆ ಸೂರ್ಯ ಕೆಳಗಿರುತ್ತಾನೆ. ಕಿರಣಗಳು ವಾತಾವರಣದಲ್ಲಿ ಓರೆಯಾಗಿ, ಬಹಳ ದೂರ ಸಾಗಿ ಬರಬೇಕು. ದಾರಿಯಲ್ಲೇ ಓಜೋನ್ ಪದರ 'ಬಿ' ಕಿರಣಗಳನ್ನು ಬಹುಪಾಲು ಹೀರಿಬಿಡುತ್ತದೆ. ಬೆಳಕು ಬರುತ್ತದೆ, 'ಬಿ' ಕಿರಣ ಬರುವುದು ತೀರಾ ಕಡಿಮೆ. ಕಂಪನಿ ಬಸ್ಸಿನ ಗಾಜು ಉಳಿದದ್ದನ್ನೂ ತಡೆಯುತ್ತದೆ. ಆ ಕಿರಣಗಳು ಚೆನ್ನಾಗಿ ಸಿಗುವ ನಡು ಹಗಲಿನಲ್ಲಿ ನೈಟ್ ಶಿಫ್ಟ್‌ನವರು ನಿದ್ದೆಯಲ್ಲಿರುತ್ತಾರೆ, ಹಗಲು ಪಾಳಿಯವರು ಶೆಡ್ಡಿನ ಒಳಗಿರುತ್ತಾರೆ.

ಬೇರೆ ಬೇರೆ ದೇಶಗಳ 71 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ಒಂದು ವಿಮರ್ಶೆಯಲ್ಲಿ, ಪಾಳಿ ಕೆಲಸಗಾರರಲ್ಲಿ ಶೇಕಡಾ 80 ಮಂದಿಗೆ ಈ ಕೊರತೆ ಕಂಡುಬಂತು. ಅಂದರೆ ಇದು ಅವರ ಸೋಮಾರಿತನವಲ್ಲ, ಕೆಲಸದ ವೇಳೆಯ ಫಲ.

ಮಾಡಿ ನೋಡಿ

ಶಾಲೆಯ ಅಂಗಳದಲ್ಲಿ ಬೆಳಿಗ್ಗೆ 8, 10, ಮಧ್ಯಾಹ್ನ 12, 2, ಸಂಜೆ 4 ಗಂಟೆಗೆ ಗೆಳೆಯನೊಬ್ಬನ ನೆರಳು ಅಳೆದು ಬರೆದುಕೊಳ್ಳಿ. ನೆರಳು ಅವನ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ ಎಂದರ್ಥ. 'ಬಿ' ಕಿರಣ ಚೆನ್ನಾಗಿ ಸಿಗುವ ಹೊತ್ತು ಅದೇ. ಸೂರ್ಯನನ್ನು ನೇರವಾಗಿ ಮಾತ್ರ ನೋಡಬೇಡಿ.

ಮನೆಯಲ್ಲಿ ಏನು ಹೇಳಬಹುದು?

ನೈಟ್ ಶಿಫ್ಟ್ ಮುಗಿಸಿ ಮಲಗಿದವರನ್ನು ಬಿಸಿಲಿಗೆಂದು ಎಬ್ಬಿಸಬೇಡಿ. ನಿದ್ದೆಯೂ ಅಷ್ಟೇ ಮುಖ್ಯ. ಡಿ ವಿಟಮಿನ್ ಮೈಯ ಕೊಬ್ಬಿನಲ್ಲಿ ಉಳಿಯುವುದರಿಂದ ವಾರದ ರಜೆಯ ಬಿಸಿಲೂ ಉಪಯೋಗಕ್ಕೆ ಬರುತ್ತದೆ. ಅಂದು ಗಿಡ್ಡ ನೆರಳಿನ ಹೊತ್ತಿನಲ್ಲಿ, ಚರ್ಮ ಸುಡದಷ್ಟು ಕಾಲ, ತೋಳು ಕಾಲುಗಳಿಗೆ ಬಿಸಿಲು ಬೀಳಲಿ. ಮೀನು, ಮೊಟ್ಟೆಯ ಹಳದಿ ಭಾಗದಲ್ಲೂ ಸ್ವಲ್ಪ ಸಿಗುತ್ತದೆ. ನೋವು ಹೋಗದಿದ್ದರೆ ಡಾಕ್ಟರ ಬಳಿ ರಕ್ತ ಪರೀಕ್ಷೆ ಮಾಡಿಸಲಿ. ಮಾತ್ರೆಯನ್ನು ತಾವೇ ತಂದು ನುಂಗೋದು ಬೇಡ, ಈ ವಿಟಮಿನ್ ಅತಿಯಾದರೂ ತೊಂದರೆಯೇ.

ಅಳೆದ ನೆರಳಿನ ಪಟ್ಟಿಯನ್ನು ಮನೆಗೆ ಒಯ್ದು ತೋರಿಸಿ.